ಒಂದು ತೊಟ್ಟೂ ಚೆಲ್ಲಲಿಲ್ಲ

ಅಮ್ಮ ಮೆಟ್ಟಿಲ ಮೇಲೆ ಬಿದ್ದ ಕತೆಯನ್ನು ಅಪ್ಪ ಯಾವಾಗಲೂ ಒಂದೇ ತರಹ ಹೇಳುತ್ತಾನೆ. ಬಂದವರ ಕೈಗೆ ಕಾಫಿ ಲೋಟ ಬಂದ ಮೇಲೆ ಶುರು. "ತಿರುವಿನಾಗೆ ಕಾಲು ಜಾರಿದ್ದು. ಮಂಡಿ ಚಿಪ್ಪು ಬಿರುಕು ಬಿಟ್ಟೋಯ್ತು, ಎಡಗೈ ಮುರ್ದೋಯ್ತು. ಆದ್ರೆ ಬಲಗೈಲಿ ಹಾಲಿನ ತಪ್ಪಲೆ ಇತ್ತಲ್ಲ, ಒಂದು ತೊಟ್ಟೂ ಚೆಲ್ಲಲಿಲ್ಲ ನೋಡಿ." ಬಂದವರು ಅಮ್ಮನ ಕಡೆ ತಿರುಗಿ, "ಹೆಂಗಕ್ಕ ಇಡ್ಕೊಂಡಿದ್ದೆ?" ಎನ್ನುತ್ತಾರೆ. ಅಮ್ಮ ಬಲಗೈಯನ್ನು ತಲೆಯ ಮಟ್ಟಕ್ಕೆ ಎತ್ತಿ ತೋರಿಸುತ್ತಾಳೆ. ಎಲ್ಲರೂ ಮೆಚ್ಚಿಕೊಳ್ಳುತ್ತಾರೆ.

ಈ ಕತೆಗೆ ನನ್ನ ವಿರೋಧವಿದೆ. ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆಯೆಂದರೆ ನಾನು ವಿರೋಧದ ಕಡೆಯೇ ನಿಲ್ಲುತ್ತಿದ್ದವಳು, ಆ ಅಭ್ಯಾಸ ಇನ್ನೂ ಹೋಗಿಲ್ಲ. ನನ್ನ ವಾದ ಸರಳವಾದದ್ದು. ಹಾಲು ಮತ್ತೆ ಕರೆಯಬಹುದು, ಮಂಡಿ ಮತ್ತೆ ಬರುವುದಿಲ್ಲ. ಎರಡೂ ಕೈ ಖಾಲಿಯಿದ್ದಿದ್ದರೆ ಕಂಬಿ ಹಿಡಿದುಕೊಳ್ಳುತ್ತಿದ್ದಳು. ಇದರಲ್ಲಿ ಹೆಮ್ಮೆಪಡುವಂಥದ್ದು ಏನಿದೆ? ಆದರೆ ನಮ್ಮ ಮನೆಯಲ್ಲಿ ವಾದ ಮಾಡುವುದೆಂದರೆ ಗೋಡೆಗೆ ಚೆಂಡು ಎಸೆದ ಹಾಗೆ. "ಇವಳತ್ರ ಮಾತಾಡಿ ಗೆಲ್ಲಕ್ಕಾಗಲ್ಲಪ್ಪ" ಎಂದು ಅಮ್ಮ ಒಳಗೆ ಹೋಗಿಬಿಡುತ್ತಾಳೆ. ಗೆದ್ದವಳು ನಾನು, ಒಬ್ಬಳೇ ಹಾಲ್‌ನಲ್ಲಿ ಉಳಿದವಳೂ ನಾನು.

ಅಪ್ಪನ ಕತೆಯಲ್ಲಿ ಬಾರದ ಒಂದು ಮಾತಿದೆ. ಅಂದಿನಿಂದ ಅಮ್ಮ ತಾನಾಗಿ ಕೆಳಗೆ ಇಳಿದಿರಲಿಲ್ಲ.

ನಮ್ಮದು ಕಾಡುಗೋಡಿಯ ಹಳೆಯ ಊರಿನ ಮನೆತನ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಮ್ಮ ಕಟ್ಟಡ ನಿಂತಿದೆ. ಕೆಳಗಡೆ ಬಾಡಿಗೆಯವರ ಬೈಕುಗಳು, ಬೈಕುಗಳ ಪಕ್ಕದ ಮೂಲೆಯಲ್ಲಿ ಒಂದು ಸೀಮೆ ಹಸು. ನಡುವಿನ ಮಹಡಿಗಳಲ್ಲಿ ಟೆಕ್ ಪಾರ್ಕಿಗೆ ಹೋಗಿಬರುವ ಹುಡುಗ ಹುಡುಗಿಯರ ಕೋಣೆಗಳು. ಎಲ್ಲಕ್ಕೂ ಮೇಲೆ ನಾವು. ಲಿಫ್ಟ್ ಇಲ್ಲ. ಅಪ್ಪ ಆಸೆಪಟ್ಟು ಹಾಕಿಸಿದ ಗ್ರಾನೈಟ್ ಮೆಟ್ಟಿಲು, ಒರೆಸಿದಷ್ಟೂ ಕನ್ನಡಿಯಾಗುವಂಥದ್ದು. ಹೊಲ ಹೋಗಿ ಕಟ್ಟಡ ಬಂದಾಗ ಅಮ್ಮ ಕೇಳಿದ್ದು ಒಂದೇ, ಹಸು ಇರಲಿ. ಬೆಳಗ್ಗೆ, ಸಂಜೆ ಇಳಿಯುತ್ತಿದ್ದಳು, ಕರೆಯುತ್ತಿದ್ದಳು, ತಪ್ಪಲೆ ಹಿಡಿದು ಹತ್ತುತ್ತಿದ್ದಳು.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಬಿದ್ದಳು. ಕೈ ಕೂಡಿಕೊಂಡಿತು, ಮಂಡಿಯೂ ಕೂಡಿಕೊಂಡಿತು. ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿ, "ಏನೂ ತೊಂದರೆ ಇಲ್ಲಮ್ಮ, ಓಡಾಡಿ" ಎಂದರು. ಆ ದಿನ ಅಪ್ಪನೂ ನಾನೂ ಎರಡು ಕಡೆ ಹಿಡಿದು ಅವಳನ್ನು ಹತ್ತಿಸಿದೆವು. ಮರುದಿನ ಬೆಳಗ್ಗೆ ಮೊದಲ ಮೆಟ್ಟಿಲ ಅಂಚಿನಲ್ಲಿ ನಿಂತಳು, ಕಾಲು ಮುಂದಿಟ್ಟಳು, ವಾಪಸ್ ತೆಗೆದಳು. ಮುಖ ಬಿಳಿಚಿಕೊಂಡಿತ್ತು. "ನಾಳೆ ನೋಡಾನ" ಎಂದಳು. ಆ ನಾಳೆ ಬರಲಿಲ್ಲ.

ಇತ್ತ ಹಸು ಅಪ್ಪನಿಗೆ ಹಾಲು ಬಿಡುತ್ತಿರಲಿಲ್ಲ. ಒದೆಯುತ್ತಿತ್ತು, ಮೈ ಬಿಗಿ ಹಿಡಿದು ನಿಲ್ಲುತ್ತಿತ್ತು, ತಳ ಮುಚ್ಚುವಷ್ಟು ಕೊಟ್ಟು ಮುಗಿಸುತ್ತಿತ್ತು. ಅಪ್ಪನ ಸೋದರಮಾವನ ಮಗ ಮಾಲೂರಿನ ಕಡೆಯವನು, ಹಸು ಕೇಳಿದ್ದ. "ಇಲ್ಲಿದ್ರೆ ಬತ್ತೋಯ್ತದೆ. ಕೊಟ್ಬಿಡಾನ" ಎಂದ ಅಪ್ಪ. ಅಮ್ಮ ಒಲೆಯ ಮುಂದೆ ನಿಂತವಳು ಸೌಟನ್ನು ಒಂದೇ ಕಡೆ ತಿರುಗಿಸುತ್ತ ಇದ್ದಳು. ಅವಳ ಪರವಾಗಿ ನಾನು ವಾದಿಸಿದೆ. ಕಾಲಾವಕಾಶ ಕೇಳಿದೆ, ಹಸುವಿನ ವಯಸ್ಸು ಹೇಳಿದೆ, ಮಾಲೂರಿನವನ ಹಳೆಯ ನಡತೆಯನ್ನೂ ಎಳೆದು ತಂದೆ. ಅಪ್ಪ ಸುಸ್ತಾಗಿ, "ಸರಿ ಕಣವ್ವ, ಯುಗಾದಿಗಂಟ ಇರ್ಲಿ. ಅಷ್ಟ್ರಾಗೆ ನಿಮ್ಮಮ್ಮ ಇಳಿದು ಬಂದ್ರೆ ಹಸು ಇರ್ತದೆ. ಇಲ್ಲಾಂದ್ರೆ ಮಾತಾಡ್ಬಾರ್ದು" ಎಂದ. ಒಳ್ಳೆಯ ಗೆಲುವು ಅಂದುಕೊಂಡೆ.

ಇನ್ನು ಡ್ಯಾನ್ಸ್ ಮೇಡಂ ವಿಷಯ. ನಮ್ಮ ಮನೆಯ ಎದುರಿಗೇ, ಅದೇ ಮಹಡಿಯಲ್ಲಿ, ಒಂದು ದೊಡ್ಡ ಹಜಾರವಿದೆ. ಟೈಲ್ಸ್ ಹಾಕದೆ ಬರೀ ಸಿಮೆಂಟ್ ನೆಲದಲ್ಲೇ ಬಿಟ್ಟಿದ್ದೆವು. ಅದನ್ನು ಬಾಡಿಗೆಗೆ ನೋಡಲು ಬಂದ ದಿನ ಅವರು ಕಿಟಕಿ ನೋಡಲಿಲ್ಲ, ನೀರು ಬರುತ್ತದಾ ಎಂದು ಕೇಳಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದವರು ನಡುಮಧ್ಯೆ ಅಂಗಾತ ಮಲಗಿಬಿಟ್ಟರು. ಐವತ್ತರ ಆಸುಪಾಸಿನ ಹೆಂಗಸು, ಹತ್ತಿಯ ಸಲ್ವಾರು, ನರೆತ ಜುಟ್ಟು. ಅಪ್ಪ ಗಾಬರಿಯಾಗಿ, "ಏನಮ್ಮ, ತಲೆ ಸುತ್ತು ಬಂತಾ?" ಎಂದ.

"ಇಲ್ಲ ಸಾರ್. ನೆಲ ನೋಡ್ತಿದೀನಿ."

"ನಿಂತ್ಕೊಂಡೂ ನೋಡ್ಬೋದಲ್ಲಮ್ಮ."

"ನಿಂತ್ರೆ ಕಣ್ಣು ನೋಡುತ್ತೆ ಸಾರ್. ಬೆನ್ನು ನೋಡ್ಬೇಕು."

ಅವರು ಇರುವುದೂ ಅಲ್ಲೇ, ಶನಿವಾರ, ಭಾನುವಾರ ಬೆಳಗ್ಗೆ ತರಗತಿ. ಬರುವವರು ವೈಟ್‌ಫೀಲ್ಡ್ ಕಡೆಯ ಸಾಫ್ಟ್‌ವೇರಿನವರು. ಹಾಡಿಲ್ಲ, ಗೆಜ್ಜೆಯಿಲ್ಲ, ಕನ್ನಡಿಯಂತೂ ಇಲ್ಲವೇ ಇಲ್ಲ. ಮೊದಲ ಅರ್ಧ ಹೊತ್ತು ಎಲ್ಲರೂ ಮಲಗಿರುತ್ತಿದ್ದರು. ಹಿಮ್ಮಡಿ ನೆಲಕ್ಕೆ ಎಷ್ಟು ಭಾರ ಕೊಡುತ್ತಿದೆ, ಭುಜದ ಯಾವ ಕಡೆ ನೆಲ ಮುಟ್ಟುತ್ತಿಲ್ಲ, ಇಂಥವನ್ನು ಮೇಡಂ ಮೆಲ್ಲಗೆ ಕೇಳುತ್ತ ಓಡಾಡುತ್ತಿದ್ದರು. ಉತ್ತರ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಇಂಥ ಮಾತು ಕೇಳಿದರೆ ನನಗೆ ಉರಿಯುತ್ತದೆ. ನಮ್ಮ ಆಫೀಸಿನಲ್ಲೂ ಯಾರನ್ನೋ ಕರೆಸಿ, ಕಣ್ಣು ಮುಚ್ಚಿಸಿ, ದೇಹದ ಮಾತು ಕೇಳಿ ಎಂದು ಹೇಳಿಸುತ್ತಾರೆ. ಮುಗಿದ ತಕ್ಷಣ ಅದೇ ಕುರ್ಚಿಗೆ ವಾಪಸ್.

ಒಂದು ಶನಿವಾರ ತರಗತಿ ಮುಗಿದ ಮೇಲೆ ಬಾಗಿಲಲ್ಲೇ ಅವರನ್ನು ಹಿಡಿದೆ.

"ಮೇಡಂ, ದೇಹ ಸುಳ್ಳು ಹೇಳಲ್ಲ ಅನ್ನೋದು ನಿಮ್ಮ ಸಿದ್ಧಾಂತ ಅಲ್ವಾ? ನಮ್ಮಮ್ಮನ ಎಕ್ಸ್‌ರೇ ಸರಿಯಿದೆ. ಆದ್ರೂ ಮೆಟ್ಟಿಲ ಹತ್ರ ನಿಂತ್ರೆ ಅವಳ ಕಾಲು ಬೀಳ್ತೀಯ ಬೀಳ್ತೀಯ ಅನ್ನುತ್ತೆ. ಈಗ ಹೇಳಿ, ಸುಳ್ಳು ಯಾರದು? ಎಕ್ಸ್‌ರೇದಾ, ಕಾಲಿಂದಾ?"

ಅವರು ನೆಲ ಒರೆಸುತ್ತಿದ್ದ ಬಟ್ಟೆಯನ್ನು ಬಕೆಟ್‌ಗೆ ಹಿಂಡಿದರು. "ದೇಹ ಸುಳ್ಳು ಹೇಳಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. ಹೇಳುತ್ತೆ. ಅಭ್ಯಾಸ ಮಾಡ್ಕೊಂಡು ಚೆನ್ನಾಗೇ ಹೇಳುತ್ತೆ. ನನ್ನ ಕೆಲಸ ಅದಕ್ಕೆ ಬೇರೆ ಅಭ್ಯಾಸ ಕೊಡೋದು, ಅಷ್ಟೇ."

ಎದುರಾಳಿ ಒಪ್ಪಿಕೊಂಡುಬಿಟ್ಟರೆ ಏನು ಮಾಡಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ.

"ಅಮ್ಮ ಹೇಗೆ ಬಿದ್ರು?" ಎಂದು ಕೇಳಿದರು. ಅಪ್ಪನ ಕತೆಯನ್ನೇ ಹೇಳಿದೆ, ನನ್ನ ವಿರೋಧವನ್ನೂ ಸೇರಿಸಿ. ಅವರು ನಗಲಿಲ್ಲ, ಮೆಚ್ಚಲೂ ಇಲ್ಲ. "ನಾಳೆ ಕರ್ಕೊಂಡು ಬನ್ನಿ. ಬೀಳೋದನ್ನ ಮಾಡ್ತಿದೀವಿ" ಎಂದರು.

ಬಿದ್ದು ಹೆದರಿದವಳಿಗೆ ಮತ್ತೆ ಬೀಳುವುದನ್ನು ಕಲಿಸುವುದೇ? ಅಲ್ಲಿಯೂ ನನ್ನ ತಕರಾರಿತ್ತು. ಆದರೆ ಆ ಹಜಾರಕ್ಕೆ ಹೋಗಲು ಮೆಟ್ಟಿಲು ಇಳಿಯಬೇಕಾಗಿರಲಿಲ್ಲ. ನಮ್ಮ ಹೊಸ್ತಿಲು ದಾಟಿದರೆ ಅವರ ಹೊಸ್ತಿಲು. ಅಮ್ಮನಿಗೂ ದಿನವಿಡೀ ಟಿವಿ ನೋಡಿ ಸಾಕಾಗಿತ್ತು.

ಬೀಳುವುದನ್ನು ಅವರು ಅಕ್ಷರ ಕಲಿಸುವ ಹಾಗೆ ಕಲಿಸುತ್ತಿದ್ದರು. ಮೊದಲು ಕೂತಲ್ಲಿಂದ ಪಕ್ಕಕ್ಕೆ. ಆಮೇಲೆ ಕುಕ್ಕರಗಾಲಿನಿಂದ. ಆಮೇಲೆ ಮಂಡಿಯೂರಿ. ಕೊನೆಗೆ ನಿಂತಲ್ಲಿಂದ. ಉಸಿರು ಬಿಡುತ್ತ ಮಡಚಿಕೊಳ್ಳಬೇಕು. ಕಣಕಾಲು, ಮಂಡಿ, ಸೊಂಟ ಒಂದರ ಹಿಂದೆ ಒಂದು ಸಡಿಲಾಗಬೇಕು, ಪಕ್ಕೆಯ ಮೇಲೆ ಉರುಳಬೇಕು. ಅವರು ಬಿದ್ದರೆ ಸದ್ದೇ ಆಗುತ್ತಿರಲಿಲ್ಲ. ಉಳಿದವರು ಬಿದ್ದರೆ ಕೆಳಗಿನ ಮನೆಯವರು ಫೋನ್ ಮಾಡುತ್ತಿದ್ದರು: "ಅಂಕಲ್, ಮೇಲೆ ಮೂಟೆ ಇಳಿಸ್ತಿದಾರಾ?"

ಪ್ರತಿಯೊಬ್ಬರೂ ಬಿದ್ದ ಮೇಲೆ ಮೇಡಂ ಪಕ್ಕದಲ್ಲಿ ಕೂತು ಒಂದೇ ಪ್ರಶ್ನೆ ಕೇಳುತ್ತಿದ್ದರು. "ಬೀಳುವಾಗ ಏನನ್ನ ಉಳಿಸ್ಕೊಂಡ್ರಿ?" ಗಡ್ಡದ ಹುಡುಗನೊಬ್ಬ ಕನ್ನಡಕ ಉಳಿಸಿಕೊಂಡಿದ್ದ. ಒಬ್ಬ ಹೆಂಗಸು ಕುರ್ತಾದ ಅಂಚು. ನನ್ನನ್ನೂ ಬೀಳಿಸಿದರು. ಬಿದ್ದೆ. "ನಾನು ಏನೂ ಉಳಿಸ್ಕೊಳ್ಳಲಿಲ್ಲ, ಯಾಕಂದ್ರೆ..." ಎಂದು ಶುರು ಮಾಡಿದೆ.

"ಮಾತು" ಎಂದರು. "ನೀವು ಬೀಳುವಾಗಲೂ ಮಾತಾಡ್ತಾನೇ ಇದ್ರಿ."

ಗೋಡೆಗೊರಗಿ ಕೂತಿದ್ದ ಅಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಮೆಟ್ಟಿಲಲ್ಲಿ ಬಿದ್ದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. "ಸರ್ಯಾಗಿ ಅಂದ್ರಿ ಮೇಡಂ. ಹುಟ್ಟುವಾಗ್ಲೂ ಅಂಗೇ ಬಂದ್ಲು ಇವ್ಳು" ಎಂದಳು.

ಅಮ್ಮನ ಸರದಿ ಬಂತು. ಕೂತು ಬೀಳುವುದು ಅವಳಿಗೆ ಸಲೀಸಾಗಿತ್ತು. ಜೀವಮಾನವೆಲ್ಲ ನೆಲದ ಮೇಲೆ ಕೂತು ಕೆಲಸ ಮಾಡಿದವಳು, ಟೆಕ್ ಪಾರ್ಕಿನವರಿಗಿಂತ ಸೊಂಟ ಚೆನ್ನಾಗಿ ಮಡಚುತ್ತಿತ್ತು. ಮಂಡಿಯೂರಿ ಬೀಳುವುದನ್ನೂ ಕೆಲವು ವಾರಗಳಲ್ಲಿ ಕಲಿತಳು. ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ನಿಂತಲ್ಲಿಂದ ಬಿದ್ದಳು, ಎದ್ದಳು, "ಅಯ್ಯೋ, ಇಷ್ಟೇನಾ?" ಎಂದಳು. ನಾನು ಅಪ್ಪನನ್ನು ಕರೆದು ತೋರಿಸಿದೆ. "ಇದ್ಯಾವ್ ಕೆಲ್ಸ, ಬೇಕಂತ ಬೀಳೋದು" ಎಂದು ಅವನು ಹೊರಟುಹೋದ. ಆದರೂ ಆ ಸಂಜೆ ಮೆಟ್ಟಿಲ ಕಡೆ ನೋಡುತ್ತ ಸುಮ್ಮನೆ ನಿಂತಿದ್ದ.

ಆಮೇಲೆ ಮೇಡಂ ನಮ್ಮ ಅಡುಗೆಮನೆಯಿಂದ ಒಂದು ತಪ್ಪಲೆ ತರಿಸಿದರು. ಅದೇ ತಪ್ಪಲೆ. ಅರ್ಧ ನೀರು ತುಂಬಿಸಿ ಅಮ್ಮನ ಬಲಗೈಗೆ ಕೊಟ್ಟರು.

"ಈಗ ಬೀಳಿ ಅಕ್ಕ. ಬೀಳುವಾಗ ಇದನ್ನ ಬಿಟ್ಬಿಡಿ."

ಅಮ್ಮ ಬಿದ್ದಳು. ಮಂಡಿ ಮಡಚಿತು, ಸೊಂಟ ಮಡಚಿತು, ಪಕ್ಕೆ ನೆಲಕ್ಕೆ ಬಂತು. ಬಲಗೈ ಮಾತ್ರ ಮೇಲೆಯೇ ಇತ್ತು, ನೀರು ಅಲುಗಾಡದೆ. ಕುತ್ತಿಗೆಯ ನರ ಉಬ್ಬಿತ್ತು.

"ಬಿಡಿ ಅಕ್ಕ."

ಅಮ್ಮ ತಪ್ಪಲೆಯನ್ನು ಮೆಲ್ಲಗೆ ನೆಲದ ಮೇಲೆ ಇಟ್ಟಳು. "ಇಟ್ನಲ್ಲ."

"ಇಡೋದಲ್ಲ. ಬೀಳಲಿ ಅದು. ಉರುಳಲಿ."

"ನೀರು ಚೆಲ್ಲೋಯ್ತದೆ."

"ಚೆಲ್ಲಲಿ. ಒರೆಸೋದು ನಾನು ತಾನೇ?"

ಅಮ್ಮ ಮತ್ತೆ ನಿಂತಳು, ಮತ್ತೆ ಬಿದ್ದಳು. ಮತ್ತೆ ಕೈ ಮೇಲೆಯೇ. ನನಗೆ ಆಗ ಕಂಡದ್ದು, ಅಪ್ಪನ ಕತೆಯಲ್ಲಿ ಇಷ್ಟು ದಿನ ಕಾಣದೆ ಇದ್ದದ್ದು. ಆ ಕೈಯನ್ನು ಮೇಲೆ ಹಿಡಿಯಲು ಅವಳ ಇಡೀ ಮೈ ಒಂದು ಕಡೆ ಗಟ್ಟಿಯಾಗಿ, ಇನ್ನೊಂದು ಕಡೆಗೆ ಎಲ್ಲ ಏಟನ್ನೂ ತಳ್ಳುತ್ತಿತ್ತು. ಮಂಡಿ ಒಡೆದದ್ದು ಗ್ರಾನೈಟಿನಿಂದಲ್ಲ. ನಾನು ವಾದದಲ್ಲಿ ಇದನ್ನೇ ಹೇಳುತ್ತಿದ್ದೆ, ನಿಜ. ಆದರೆ ಹೇಳುವಾಗ ಬೇರೆ, ಅವಳ ಕುತ್ತಿಗೆಯ ನರ ನೋಡುವಾಗ ಬೇರೆ.

ಮನೆಗೆ ಬಂದು ಕೇಳಿದೆ. "ಯಾಕಮ್ಮ? ಬರೀ ನೀರು ತಾನೇ?"

"ನನ್ನತ್ತೆ ಅಂತಿದ್ರು, ಹಾಲು ಚೆಲ್ಲಿದ್ರೆ ಹಸೀನ ಕೆಚ್ಚಲು ಬಿರೀತದೆ ಅಂತ."

"ಅದು ಮೂಢನಂಬಿಕೆ. ಚೆಲ್ಲಿದ ಹಾಲಿಗೂ ಕೆಚ್ಚಲಿಗೂ..."

"ಗೊತ್ತು ಕಣೆ. ನಂಗೊತ್ತು. ಕೈಗೆ ಗೊತ್ತಿಲ್ವಲ್ಲ."

ಮೇಡಂ ಬಳಿ ಹೋಗಿ, ಯುಗಾದಿ ಹತ್ತಿರ ಬರುತ್ತಿದೆ, ತಪ್ಪಲೆ ಬಿಟ್ಟು ಸುಮ್ಮನೆ ಮೆಟ್ಟಿಲು ಇಳಿಯುವುದನ್ನೇ ಕಲಿಸಬಾರದೇ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ತಮ್ಮ ಬಲ ಮಂಡಿಯನ್ನು ಉಜ್ಜಿಕೊಳ್ಳುತ್ತ ಕೂತರು. ಆಮೇಲೆ ಅವರೇ ಹೇಳಿದರು. ಮೊದಲು ಭರತನಾಟ್ಯ ಮಾಡುತ್ತಿದ್ದರಂತೆ. ಒಂದು ಕಾರ್ಯಕ್ರಮದಲ್ಲಿ ವೇದಿಕೆಯ ಮೇಲೆ ನೀರು ಬಿದ್ದಿತ್ತು, ಜಾರಿದರು. "ಬಿದ್ದಿದ್ದು ಯಾರಿಗೂ ಗೊತ್ತಾಗಲಿಲ್ಲ ನೋಡಿ. ಕೈಲಿ ಹಿಡಿದಿದ್ದ ಮುದ್ರೆ ಹಾಗೇ ಇತ್ತು. ಮುಖದಲ್ಲಿ ನಗು ಹಾಗೇ ಇತ್ತು. ಅದೂ ನೃತ್ಯದ ಭಾಗ ಅಂದ್ಕೊಂಡು ಚಪ್ಪಾಳೆ ತಟ್ಟಿದ್ರು. ಗುರುಗಳು ತುಂಬ ಹೊಗಳಿದ್ರು. ಮಂಡಿ ಮಾತ್ರ ಹೋಯ್ತು." ಉಜ್ಜುವುದನ್ನು ನಿಲ್ಲಿಸಿ, "ಎಷ್ಟೋ ವರ್ಷ ನಾನೂ ಅದನ್ನ ಹೆಮ್ಮೆಯಿಂದ ಹೇಳ್ಕೊಂಡು ತಿರುಗಿದ್ದೀನಿ. ನಿಮ್ಮಪ್ಪನ ಹಾಗೆ" ಎಂದರು.

"ಅದಕ್ಕೇ ಕುಣಿಯೋದು ಬಿಟ್ರಾ?"

"ಬಿಡಲಿಲ್ಲ. ಏನನ್ನ ಉಳಿಸ್ಕೊಳ್ತಿದೀನಿ ಅಂತ ನೋಡೋಕೆ ಶುರು ಮಾಡಿದೆ. ನೋಡ್ತಾ ನೋಡ್ತಾ ಕುಣಿಯೋದು ಕಡಿಮೆ ಆಯ್ತು." ಅಮ್ಮ ಮೆಟ್ಟಿಲಿಗೆ ಹೆದರುತ್ತಿಲ್ಲ, ತನ್ನ ಕೈಗೆ ಹೆದರುತ್ತಿದ್ದಾಳೆ ಎಂದರು. ಮತ್ತೆ ಜಾರಿದರೆ ಆ ಕೈ ಮತ್ತೆ ಹಾಗೆಯೇ ಮಾಡುತ್ತದೆಂದು ಅವಳ ಕಾಲಿಗೆ ಗೊತ್ತಿದೆಯಂತೆ. ಇದಕ್ಕೆ ಸಾಕ್ಷಿ ಏನು ಎಂದು ಕೇಳಿದೆ. "ಇಲ್ಲ" ಎಂದರು. "ಇರೋದು ನನ್ನ ಮಂಡಿ ಒಂದೇ."

ಅಲ್ಲಿಂದಾಚೆ ಪ್ರತಿ ವಾರ ತಪ್ಪಲೆ. ತರಗತಿಯವರು ಹೋದ ಮೇಲೂ ಇಬ್ಬರೇ ಉಳಿಯುತ್ತಿದ್ದರು. ಮೇಡಂ ಅಮ್ಮನ ಮೊಣಕೈ ಕೆಳಗೆ ತಮ್ಮ ಅಂಗೈ ಇಟ್ಟು ಕಾಯುತ್ತಿದ್ದರು, ಎಳೆಯುತ್ತಿರಲಿಲ್ಲ, ಅಲುಗಿಸುತ್ತಿರಲಿಲ್ಲ. ಕೈಯ ಭಾರ ತಮ್ಮ ಅಂಗೈಗೆ ಬರುವವರೆಗೆ ಕಾಯುವುದೇ ಕೆಲಸ. ಬಾಗಿಲ ಬಳಿ ನಿಂತು ನೋಡುತ್ತಿದ್ದ ನನಗೆ ಒಳಗೊಳಗೇ ಗಂಟೆ ಹೊಡೆಯುತ್ತಿತ್ತು, ಸ್ಪರ್ಧೆಯಲ್ಲಿ ಸಮಯ ಮುಗಿಯುತ್ತ ಬಂದಾಗ ಹೊಡೆಯುವ ಆ ಎಚ್ಚರಿಕೆಯ ಗಂಟೆ. ಕೆಳಗಡೆ ಹಸು ಸೊರಗುತ್ತಿತ್ತು. ನಮ್ಮ ಹಾಲು ಕೊಳ್ಳುತ್ತಿದ್ದ ಬಾಡಿಗೆಯವರು ಪ್ಯಾಕೆಟ್ ಹಾಲಿಗೆ ಹೋಗಿಬಿಟ್ಟಿದ್ದರು.

ಯುಗಾದಿಯ ಹಿಂದಿನ ಭಾನುವಾರ ಆ ಸದ್ದು ಆಯಿತು. ನಾನು ಮನೆಯಲ್ಲಿದ್ದೆ. ಸ್ಟೀಲು ಸಿಮೆಂಟಿನ ಮೇಲೆ ಬಿದ್ದು, ಎಗರಿ, ಉರುಳಿ, ಗೋಡೆಗೆ ಬಡಿದು ಸುತ್ತುವ ಸದ್ದು. ಓಡಿದೆ. ಅಮ್ಮ ಪಕ್ಕೆಯ ಮೇಲೆ ಮಲಗಿದ್ದಳು, ಎರಡು ಕೈಯೂ ನೆಲದ ಮೇಲೆ. ಸೀರೆ ಒದ್ದೆ, ತಲೆ ಒದ್ದೆ. ಏಳಲಿಲ್ಲ. ತಪ್ಪಲೆ ಸುತ್ತುವುದು ನಿಂತ ಮೇಲೂ ಅದನ್ನೇ ನೋಡುತ್ತಿದ್ದಳು. ಕೆಳಗಿನ ಮನೆಯ ಹುಡುಗ ಮೆಟ್ಟಿಲು ಹತ್ತಿ ಬಂದು, "ಆಂಟಿ, ಏನಾಯ್ತು?" ಎಂದು ಇಣುಕಿದ.

"ಏನೂ ಇಲ್ಲಪ್ಪ. ನೀರು ಚೆಲ್ತು" ಎಂದಳು ಅಮ್ಮ.

ಮರುದಿನ ಬೆಳಗ್ಗೆ ಮೆಟ್ಟಿಲಿನ ಅಂಚಿಗೆ ಹೋದೆವು, ಅಮ್ಮ, ಮೇಡಂ, ನಾನು. ಅಮ್ಮ ಮೊದಲ ಮೆಟ್ಟಿಲು ಇಳಿದಳು. ಎರಡನೆಯದಕ್ಕೂ ಇಳಿದಳು. ಅಷ್ಟರಲ್ಲಿ ಕೆಳಗಿನಿಂದ ಹಸು ಕೂಗಿತು. ಅಮ್ಮನ ಬಲಗೈ ತಾನಾಗಿ ಮೇಲಕ್ಕೆ ಹೋಯಿತು, ಖಾಲಿ ಕೈ, ಏನೋ ಹಿಡಿದುಕೊಂಡಿರುವ ಹಾಗೆ. ಅವಳು ಅಲ್ಲೇ ಕೂತುಬಿಟ್ಟಳು. ಕೂತಲ್ಲಿಂದಲೇ ಹಿಂದಕ್ಕೆ ಮೆಟ್ಟಿಲು ಹತ್ತಿ ಮನೆಯೊಳಗೆ ಹೋದಳು.

ಹಬ್ಬದ ಮರುದಿನ ಮಾಲೂರಿನಿಂದ ಗಾಡಿ ಬಂತು. ಅಮ್ಮ ಮೇಲಿನ ಮೋಟುಗೋಡೆಯ ಹತ್ತಿರ ನಿಂತು ನೋಡಿದಳು. ಹಸು ಹಲಗೆ ಹತ್ತಲು ತಕರಾರು ಮಾಡಿತು. ಅಪ್ಪ ಹಿಂದಿನಿಂದ ತಳ್ಳುತ್ತ, ಒಮ್ಮೆ ಮೇಲೆ ನೋಡಿದ, ತಕ್ಷಣ ಮುಖ ತಿರುಗಿಸಿದ. ನಾನು ಮಾತಾಡಬಾರದೆಂದು ಒಪ್ಪಿಕೊಂಡಾಗಿತ್ತು. ಗಾಡಿ ಮೆಟ್ರೋ ಕಂಬಗಳ ನೆರಳಿಗೆ ತಿರುಗಿ ಕಾಣದಾಯಿತು. ಅಮ್ಮ ಒಳಗೆ ಹೋಗಿ ಅನ್ನಕ್ಕಿಟ್ಟಳು.

ಆ ಸಿಟ್ಟನ್ನು ಯಾರ ಮೇಲಾದರೂ ಹಾಕಬೇಕಿತ್ತು. ಎದುರು ಬಾಗಿಲು ತಟ್ಟಿದೆ.

"ನಿಮ್ಮ ಪದ್ಧತಿ ಸೋತಿತು ಅಂತ ಒಪ್ಕೊಳ್ತೀರಾ ಮೇಡಂ?"

"ಹೂಂ" ಎಂದರು. "ಸೋತಿತು."

ಕಾರಣ ಕೊಡಲಿಲ್ಲ, ಇನ್ನೊಂದು ತಿಂಗಳಿದ್ದಿದ್ದರೆ ಎನ್ನಲಿಲ್ಲ. ಅವರ ಕಣ್ಣು ಕೆಂಪಾಗಿತ್ತು. ಒಬ್ಬರನ್ನು ಇಷ್ಟು ಪೂರ್ತಿಯಾಗಿ ನಾನು ಯಾವ ಸ್ಪರ್ಧೆಯಲ್ಲೂ ಸೋಲಿಸಿರಲಿಲ್ಲ. ವಾಪಸ್ ಬಂದು ಬಾಗಿಲು ಹಾಕಿಕೊಂಡೆ.

ಇದಾಗಿ ಕೆಲವು ದಿನಗಳ ಮೇಲೆ ಸಂಜೆ ಆಫೀಸಿನಿಂದ ಬಂದೆ. ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ, ಒಂದು ಕೈಯಲ್ಲಿ ಅಂಗಡಿಯ ಹಾಲಿನ ಪ್ಯಾಕೆಟ್, ಇನ್ನೊಂದರಲ್ಲಿ ಫೋನು. ಬೈಕುಗಳ ನಡುವೆ ದಾರಿ ಮಾಡಿಕೊಂಡು ಮೆಟ್ಟಿಲ ಹತ್ತಿರ ಹೋದರೆ, ಕೊನೆಯ ಮೆಟ್ಟಿಲ ಮೇಲೆ ಅಮ್ಮ ಕೂತಿದ್ದಳು. ಎದುರಿಗೆ ಹಸು ಕಟ್ಟುತ್ತಿದ್ದ ಗೂಟ. ಅಪ್ಪ ಆ ಜಾಗ ತೊಳೆಸಿದ್ದ, ಯಾರೋ ಆಗಲೇ ಒಂದು ಸ್ಕೂಟರ್ ತಂದು ನಿಲ್ಲಿಸಿದ್ದರು.

"ಹೆಂಗಮ್ಮ ಬಂದೆ? ಯಾರು ಇಳಿಸಿದ್ರು?"

"ಯಾರೂ ಇಲ್ಲ. ಬಂದೆ."

"ಹೆದ್ರಿಕೆ ಆಗ್ಲಿಲ್ವಾ?"

"ಎಂಥ ಹೆದ್ರಿಕೆ. ಕೈಯಾಗೆ ಏನೂ ಇರ್ಲಿಲ್ವಲ್ಲ."

ಎರಡು ಕೈಯನ್ನೂ ಮಡಿಲಲ್ಲಿ ಅಂಗಾತ ಹಾಕಿಕೊಂಡಿದ್ದಳು. ಮೇಡಂ ವಾರಗಟ್ಟಲೆ ಕಾಯುತ್ತಿದ್ದದ್ದು ಈ ಕೈಗಳಿಗಾಗಿಯೇ. ಅವರನ್ನು ಕರೆಯಬೇಕು ಅನ್ನಿಸಿತು. ಆಮೇಲೆ, ಕರೆದು ಏನು ಹೇಳುವುದು ಅನ್ನಿಸಿತು. ಅವಳ ಪಕ್ಕದಲ್ಲಿ ಕೂತೆ. ಬಾಡಿಗೆಯ ಹುಡುಗಿಯೊಬ್ಬಳು ನಮ್ಮಿಬ್ಬರನ್ನು ದಾಟಿ, "ಸಾರಿ ಆಂಟಿ" ಎಂದು ಹತ್ತಿಹೋದಳು. ಕತ್ತಲಾಗುತ್ತ ಬಂತು.

"ಏಳಾನ. ಕೈ ಕೊಡು" ಎಂದಳು ಅಮ್ಮ.

ನಾನು ಪ್ಯಾಕೆಟ್ ಹಿಡಿದ ಕೈಯ ಎರಡು ಬೆರಳು ಚಾಚಿದೆ.

"ಅಂಗಲ್ಲ. ಅದನ್ನ ಕೆಳಗಿಕ್ಕು ಮೊದ್ಲು. ಫೋನೂವೆ."

ಪ್ಯಾಕೆಟ್ ಮೆಟ್ಟಿಲ ಮೇಲಿಟ್ಟೆ, ಫೋನನ್ನು ಚೀಲಕ್ಕೆ ಹಾಕಿದೆ. ಅಮ್ಮ ನನ್ನ ಎರಡೂ ಕೈ ಹಿಡಿದು ತನ್ನ ಭಾರವನ್ನೆಲ್ಲ ನನ್ನ ಮೇಲೆ ಬಿಟ್ಟಳು. ನಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಹಗುರವಾಗಿದ್ದಳು. ಒಂದೊಂದೇ ಮೆಟ್ಟಿಲು ಹತ್ತಿದೆವು. ತಿರುವಿನಲ್ಲಿ ಅವಳು ನಿಲ್ಲಲಿಲ್ಲ. ಮೇಲೆ ಬಂದು ಬಾಗಿಲು ತೆಗೆದ ಮೇಲೆ ಹಾಲಿನ ಪ್ಯಾಕೆಟ್ ಕೆಳಗೇ ಉಳಿದದ್ದು ಇಬ್ಬರಿಗೂ ನೆನಪಾಯಿತು. ತರಲು ಇಬ್ಬರೂ ಹೋಗಲಿಲ್ಲ.